ಬಲ್ಬಿಲ್ಲದ ಹೋಲ್ಡರು

ಕೌಲ್ ಬಜಾರಿನಲ್ಲಿ
ಯಾರೂ ಬಿಡಿಸಿಕೊಳ್ಳದ ಪಾರ್ಸಲ್ಲುಗಳ ರಾಶಿ ಹಾಕಿ
ಯಾವುದು ತಗೊಂಡರೂ ಮೂವತ್ತು ಅಂತ ಕೂಗುತ್ತಿದ್ದರು.
ನನ್ನ ಪಾಲಿಗೆ ಬಂದದ್ದು ಒಂದು ಗಾಜಿನ ಬುರುಡೆ,
ಬುಡಕ್ಕೆ ಐದು ಕೆಂಪು ಪ್ಲಾಸ್ಟಿಕ್ ಹೂವು,
ಹೂವಿನ ನಡುವೆ ದಬ್ಬಣ ಹೋಗುವಷ್ಟು ತೂತು.

ಡಬ್ಬಿಯ ಮೇಲೆ ಗಾಳಿಯಲ್ಲೇ ನಿಂತ ಹಕ್ಕಿ,
ಕೊರಳಿಗೆ ಕೆಂಡ ಕಟ್ಟಿಕೊಂಡ ಹಾಗೆ.
ಇಸ್ತ್ರಿ ಮೇಜಿನ ಸಾಲೊಮನ್ ಓದಿ ಹೇಳಿದ:
"ಹಮ್ಮಿಂಗ್ ಬರ್ಡ್, ಎರ್ರೆಮ್ಮಕ್ಕ.
ಸಮುದ್ರದ ಆಚೆಯದು, ಬಳ್ಳಾರಿಗೆ ಬರೋದಿಲ್ಲ.
ನಮ್ಮ ಕಡೆ ಸೂರಕ್ಕಿ ಐತಲ್ಲ,
ಬಂದರೆ ಅದೇ ಬರಬೇಕು."

ಒಂದು ಲೋಟ ಸಕ್ಕರೆಗೆ ನಾಲ್ಕು ಲೋಟ ನೀರು.
ಕುದಿಸಬೇಕು, ಆರಿಸಬೇಕು, ಬಣ್ಣ ಹಾಕಬಾರದು.
ಆ ವಾರ ನಮ್ಮ ಮನೆಯ ಚಹಾ ಸಪ್ಪೆ.
ಗಾದಿಲಿಂಗ ಒಂದು ಗುಟುಕು ಕುಡಿದು
ನನ್ನ ಮುಖ ನೋಡಿದ, ಮಾಳಿಗೆ ನೋಡಿದ,
ಏನೂ ಅನ್ನಲಿಲ್ಲ.

ಮಾಳಿಗೆಯೇ ನನ್ನ ತೋಟ. ಒಂಬತ್ತು ಪೇಂಟು ಡಬ್ಬಿ,
ಒಂದು ಒಡಕು ಕೊಡ, ದಾಸವಾಳ, ರತ್ನಗಂಧಿ.
ಎದುರಿಗೆ ಬೋಳು ಬಂಡೆಯ ಬೆಟ್ಟ
ಹಗಲೆಲ್ಲ ಕುಡಿದ ಬಿಸಿಲನ್ನು
ರಾತ್ರಿ ನಮ್ಮ ಮೇಲೆ ಕಕ್ಕುತ್ತದೆ.

ಮೊದಲ ದಿನ ಇರುವೆ ಬಂದವು.
ತಂತಿಗೆ ಹರಳೆಣ್ಣೆ ಹಚ್ಚಿದೆ.
ಆಮೇಲೆ ಕಣಜ.
ಆಮೇಲೊಂದು ಅಳಿಲು ತಲೆಕೆಳಗಾಗಿ ಜೋತುಬಿದ್ದು
ಹೂವೊಂದನ್ನು ಕಿತ್ತುಕೊಂಡೇ ಹೋಯಿತು.
ಸಂಜೆಗೆ ನೀರು ಹುಳಿತು
ಸೇಂದಿ ಅಂಗಡಿಯ ವಾಸನೆ.
ತೊಳೆದೆ, ಮತ್ತೆ ಕುದಿಸಿದೆ.
"ನಲವತ್ತೆರಡು ಡಿಗ್ರಿ ಬಿಸಿಲು, ನಿನಗೇನು ಹುಚ್ಚಾ?"
ಅಂದಳು ಪಕ್ಕದ ಮಾಳಿಗೆಯ ಖೈರುನ್ನೀಸಾ.
ಮರುದಿನ ಅವಳೇ ನಡುಗೋಡೆಯ ಮೇಲೆ
ಒಂದು ಬಟ್ಟಲು ಸಕ್ಕರೆ ಇಟ್ಟಿದ್ದಳು.

ಸೂರಕ್ಕಿ ಬರಲಿಲ್ಲ ಅನ್ನಲಾರೆ.
ಗಂಡು ಬಂತು, ಬಿಸಿಲಿಗೆ ತಿರುಗಿದರೆ ನೀಲಿ,
ನೆರಳಿಗೆ ಸರಿದರೆ ಬರೀ ಕಪ್ಪು.
ಗಾಜಿನಲ್ಲಿ ತನ್ನನ್ನೇ ಕಂಡು
ಅರ್ಧ ಗಂಟೆ ಜಗಳ ಕಾದು
ಒಂದು ರತ್ನಗಂಧಿಯನ್ನು ಹೀರಿ ಹೊರಟುಹೋಯಿತು.

ಹೆಣ್ಣನ್ನು ನಾನು ಗಮನಿಸಿದ್ದು ತಡವಾಗಿ.
ಅದಕ್ಕೆ ಮಿರುಗಿಲ್ಲ. ಮಾಸಿದ ಹಳದಿ ಹೊಟ್ಟೆ,
ಒಗೆದೊಗೆದು ಬಿಟ್ಟ ರವಿಕೆಯ ಬಣ್ಣದ ಬೆನ್ನು.

ನಾನು ಜೀನ್ಸಿನ ದಾರ ಕತ್ತರಿಸುವವಳು.
ಜೇಬಿನ ಮೂಲೆ, ಬೆಲ್ಟಿನ ಪಟ್ಟಿ, ಗುಂಡಿಯ ಕಣ್ಣು,
ಪೀಸಿಗೆ ಒಂದೂಕಾಲು ರೂಪಾಯಿ.
ಪ್ಯಾಂಟು ಮಾಲೀಕನದು, ಕತ್ತರಿಸಿದ್ದು ಕಸ.
ಆ ಕಸದಿಂದ, ನನ್ನ ಮಡಿಲಿನ ಅಂಚಿನಿಂದ,
ಒಂದು ನೀಲಿ ಎಳೆ ಎತ್ತಿಕೊಂಡಳು.
ಎಳೆ ಉದ್ದವಾಯಿತು, ಕಾಲಿಗೆ ಸುತ್ತಿತು,
ಒದರಿ ಬಿಸಾಕಿ ಹೋದಳು.
ಮತ್ತೆ ಬಂದಳು.
ಅವತ್ತಿನಿಂದ ಕಸವನ್ನೂ ಕತ್ತರಿಸುತ್ತಿದ್ದೇನೆ,
ಬೆರಳಿನ ಒಂದು ಗೆಣ್ಣಿನಷ್ಟು, ಅದಕ್ಕಿಂತ ಉದ್ದ ಬೇಡ.
ಇದು ಡಬ್ಬಿಯ ಮೇಲೆ ಬರೆದಿರಲಿಲ್ಲ.

ಮಾಳಿಗೆಯ ಬಲ್ಬಿಲ್ಲದ ಹೋಲ್ಡರಿನ ವೈರಿಗೆ
ಗೂಡು ಇಳಿಯಿತು.
ಜೇಡರ ಬಲೆ, ಬೇವಿನ ಒಣ ಎಲೆ,
ಕಂಬಳಿಹುಳದ ಹಿಕ್ಕೆ, ನೀಲಿ ದಾರ, ನೀಲಿ ದಾರ,
ಬಾಗಿಲ ಹತ್ತಿರ ಹೊರಹೊಲಿಗೆಯ ಒಂದೇ ಕಿತ್ತಳೆ ಎಳೆ.
ಸಾಲೊಮನ್ ಇಸ್ತ್ರಿ ಬಿಟ್ಟು ಮೇಲೆ ಹತ್ತಿ ಬಂದ.
"ಎರ್ರೆಮ್ಮಕ್ಕ, ನಿನ್ನ ಹಕ್ಕಿ
ಜೀನ್ಸ್ ಹಾಕ್ಕೊಂಡೈತೆ."

ಬುರುಡೆ ತೊಳೆದು ಬೋರಲು ಹಾಕಿದ್ದೇನೆ.
ಚಹಾಕ್ಕೆ ಸಕ್ಕರೆ ಮರಳಿದೆ.
ಗಾದಿಲಿಂಗ ಎರಡು ಗುಟುಕು ಕುಡಿದು ಕೇಳಿದ,
"ಕಡೀಗೆ ಅದು ಕುಡೀತೇನು?"
"ಒಂದು ಹನಿನೂ ಇಲ್ಲ."
ರಾತ್ರಿ ಒಳಗೆ ಕೂರಲಾಗದ ಸೆಕೆ.
ಹೊಸ ಬಲ್ಬು ತಂದಿದ್ದವನು
ಅದನ್ನು ಹಾಗೇ ಜೇಬಿನಲ್ಲಿಟ್ಟುಕೊಂಡು
ಗೂಡಿಗೆ ಬೆನ್ನು ಹಾಕಿ ಕೂತು
ಮೊಬೈಲಿನ ಬೆಳಕು ಹಿಡಿದ,
ನನ್ನ ಉಳಿದ ನಲವತ್ತು ಪೀಸು ಮುಗಿಯುವ ತನಕ.