ಗೂಡು

ಮೊರೇಲಿಯಾದಿಂದ ಮೊದಲ ಬಸ್ಸು.
ನನ್ನ ಮಡಿಲಲ್ಲಿ ಮೀಟರು:
ನೋಡಲು ಕೂದಲೊಣಗಿಸುವ ಯಂತ್ರ,
ಬೆಲೆಗೆ ಒಂದು ಮನೆ.
ಮೂತಿ ತಾಗಿಸಿ ಗುಂಡಿ ಒತ್ತಿದರೆ ಮೂವತ್ತು ಸೆಕೆಂಡಿಗೆ
ಏನೇನಿದೆ, ಎಷ್ಟೆಷ್ಟಿದೆ ಎಂದು ಹೇಳುತ್ತದೆ.
ಯಾಕಿದೆ ಎಂದು ಹೇಳುವುದಿಲ್ಲ.

"ಗುಂಡು ಹಾರಿಸೋಕೆ ಬಂದೆಯೇನೇ?" ಎಂದಳು
ದೋನ್ಯಾ ತಿಬುರ್ಸಿಯಾ, ಮಣ್ಣಿನ ಕೈ ಸೆರಗಿಗೆ ಒರೆಸುತ್ತ.
ಅಂಗಳದ ತುಂಬ ಬಾಯ್ದೆರೆದ ಗಡಿಗೆ,
ಒಳಮೈಗೆಲ್ಲ ಜೇನು ಬಳಿದ ಹಾಗೆ ಮೆರುಗು.
"ಮೊದಲು ಉಣ್ಣು, ಆಮೇಲೆ ಅಳೆ.
ಹಸಿದ ಹೊಟ್ಟೆ ಎಲ್ಲವನ್ನೂ ಹೀರುತ್ತೆ."
ನಮ್ಮ ಪಠ್ಯಪುಸ್ತಕದಲ್ಲೂ ಇದೇ ಮಾತಿದೆ.
ಅವಳು ಓದಿದವಳಲ್ಲ.

ಉಂಡೆ. ಹುರುಳಿಗಿಂತ ಕಪ್ಪು ಕಾಳು, ಟೊಮೇಟೊ ಹುಳಿ,
ನಾಲ್ಕು ತಾಸು ಅದೇ ಗಡಿಗೆಯಲ್ಲಿ ಬೆಂದದ್ದು.
ಒಂದು ಚಮಚ ಸೀಸೆಗೆ ಹಾಕಿಕೊಂಡೆ, ಲ್ಯಾಬಿಗೆ.

ಅಲ್ಲಿ ಆಮ್ಲ, ಆಮೇಲೆ ಸೂರ್ಯನ ಮೈಗಿಂತ ಬಿಸಿಯಾದ ಉರಿ.
ಕಾಗದದ ಮೇಲೆ ಒಬ್ಬೊಬ್ಬರಾಗಿ ಬಂದು ಕೂತರು:
ಕಬ್ಬಿಣ, ಸತು, ಮೆಗ್ನೀಷಿಯಂ, ಚೂರು ತಾಮ್ರ,
ರಕ್ತಕ್ಕೆ ಬೇಕಾದವರು, ಮಗುವಿಗೆ ಬೇಕಾದವರು.
ಅದೇ ಪಂಕ್ತಿಯಲ್ಲಿ, ಕರೆಯದೆ ಬಂದು,
ಎಲೆ ಹಾಸಿಕೊಂಡು ಕೂತಿತ್ತು ಸೀಸ.

ಮೂಳೆ ಕಣ್ಣು ಮಂಜಾದ ಮುದುಕಿ.
ಬಾಗಿಲು ಬಡಿದವನು ಸುಣ್ಣವೇ ಇರಬೇಕೆಂದು
"ಬಾ ಮಗಾ" ಎಂದು ಒಳಗೆ ಕರೆದು
ಮೂವತ್ತು ವರ್ಷ ಸಾಕುತ್ತಾಳೆ.

ನಿಜದ ಸುಣ್ಣವೂ ಆ ಮನೆಯಲ್ಲೇ ಇತ್ತು.
ಜೋಳ ನೆನೆಹಾಕಲು ಪ್ರತಿ ರಾತ್ರಿ ಒಂದು ಹಿಡಿ,
ಅವಳಜ್ಜಿಯ ಅಜ್ಜಿಯ ಅಳತೆ.
ಒಂದೇ ಒಲೆಯ ಮೇಲೆ ಕಳ್ಳನೂ ಕಾವಲುಗಾರನೂ,
ಯಾರು ಯಾರೆಂದು ಗೊತ್ತಿಲ್ಲದೆ.

ದಶಲಕ್ಷಕ್ಕೆ ನಲವತ್ತೊಂದು ಸಾವಿರ, ಎಂದೆ.
"ಅದರಲ್ಲಿ ಹೊಳಪಿನ ಪಾಲೆಷ್ಟು?"
ಅಷ್ಟೂ.
ಅವಳು ಬೆರಳು ಮಡಿಸತೊಡಗಿದಳು.
ಈಸ್ಟರಿಗೆ ಅರವತ್ತು. ತಂಗಿಯ ಮಗಳ ಮದುವೆಗೆ ಇನ್ನೂರು.
ಶಾಲೆಯ ಅಡುಗೆಮನೆಗೆ…
ಅಲ್ಲಿಗೆ ನಿಲ್ಲಿಸಿದಳು.

ಹಂದಿ ಮಾರಿ ಹೊಸ ಮೆರುಗಿನ ಪುಡಿ ತಂದಳು.
ಮೊದಲ ಸುಡುವಿಕೆ ಬೂದಿ ಬಣ್ಣ, ಎರಡನೆಯದು ಬಿರುಕು.
ಸಂತೆಯಲ್ಲಿ ಹೆಂಗಸರು ಉಗುರಿನಿಂದ ತಟ್ಟಿ
"ಕಂಠ ಇಲ್ಲ ಇದಕ್ಕೆ" ಎಂದು ಮುಂದೆ ಹೋದರು.
ಮೂರನೆಯದು ಹೊಳೆಯಿತು.
ಅವತ್ತೇ ಫೋನು: "ತಾ ನಿನ್ನ ಪಿಸ್ತೂಲು."

ತಾಗಿಸಿದೆ. ಮೂವತ್ತು ಸೆಕೆಂಡು
ಇಬ್ಬರೂ ಉಸಿರು ಹಿಡಿದೆವು.
ಒಂಬೈನೂರ ಅರವತ್ತು.
"ಸುಳ್ಳು! ಆ ಪುಡಿ ಮುಟ್ಟಿಲ್ಲ ನಾನು, ತಾಯಾಣೆ!"
ಇನ್ನೊಂದು ಬಟ್ಟಲು. ಮತ್ತೂ ಒಂದು. ಅದೇ.

ಕೊನೆಗೆ, ಏನೂ ತೋಚದೆ,
ಮೂತಿಯನ್ನು ಗೂಡಿನ ಒಳಗೋಡೆಗೆ ಇಟ್ಟೆ.
ಅಂಕಿ ಏರಿತು, ಏರುತ್ತಲೇ ಹೋಯಿತು.

ನಲವತ್ತು ವರ್ಷದ ಹೊಗೆಯನ್ನು ಇಟ್ಟಿಗೆಗಳು ಕುಡಿದಿವೆ.
ಬೆಂಕಿ ಬಿದ್ದಾಗಲೆಲ್ಲ
ಬೆವರುತ್ತವೆ.

ತುಂಬಾ ಹೊತ್ತು ಕಟ್ಟಿಗೆಯ ರಾಶಿಯ ಮೇಲೆ ಕೂತಿದ್ದಳು.
"ಈ ಗೂಡು ಕೆಡವಿದರಾಯ್ತು," ಎಂದಳು.
"ಮಳೆಗಾಲಕ್ಕೆ ಮುಂಚೆ ಇನ್ನೊಂದು ಕಟ್ಟಬಹುದು."
ಆಮೇಲೆ ಅಂಗೈಯಿಂದ ಎದೆ ತಟ್ಟಿಕೊಂಡಳು,
ಸಂತೆಯ ಹೆಂಗಸರು ಗಡಿಗೆ ತಟ್ಟುವ ಹಾಗೆ.
"ಈ ಎಲುಬಿನ ಗೂಡು?"

ನನ್ನ ಬಳಿ ಅದಕ್ಕೊಂದು ವಾಕ್ಯವಿತ್ತು, ತರಬೇತಿಯಲ್ಲಿ ಕೊಟ್ಟದ್ದು.
ಹೇಳಲಿಲ್ಲ.

ಮೊಮ್ಮಗ ನೆಫ್ತಾಲಿ ಬೆಂಕಿಪೊಟ್ಟಣ ಹಿಡಿದು ಬಂದ.
ಒಳಗೆ ಹತ್ತಿಯ ಮೇಲೆ ನಿನ್ನೆ ಬಿದ್ದ ಹಾಲುಹಲ್ಲು.
"ಇದನ್ನೂ ಅಳೀತೀಯಾ? ಬೇಗ ಅಳಿ.
ರಾತ್ರಿ ಇಲಿ ಬರುತ್ತೆ, ಹಲ್ಲು ತಗೊಂಡು ಕಾಸು ಇಡುತ್ತೆ."

ಇಲ್ಲಿ ಆಗಲ್ಲ ಮರಿ, ಊರಿಗೆ ಒಯ್ಯಬೇಕು.
ಆಮ್ಲದಲ್ಲಿ ಕರಗಿಸಬೇಕು. ಅರ್ಧ ಸಾಕು ನನಗೆ,
ಇನ್ನರ್ಧ ದಿಂಬಿನ ಕೆಳಗೇ ಇರಲಿ.

ಅಜ್ಜಿಯ ಮುಖ ನೋಡಿದ, ನನ್ನ ಮುಖ ನೋಡಿದ.
ನಾಲಿಗೆಯಿಂದ ಖಾಲಿ ಜಾಗ ಸವರುತ್ತ ಕೇಳಿದ:
ಅರ್ಧ ಹಲ್ಲಿಗೆ
ಇಲಿ ಎಷ್ಟು ಕೊಡುತ್ತೆ?