ಊದಗೊಳವಿ

ನೀರು ಬರೋಕಿಂತ ಮೊದ್ಲ ನಳ ಉಸರ ಬಿಡತೈತಿ.
ಒಂಬತ್ತನೇ ದಿವಸ, ರಾತ್ರಿ ಎರಡರ ಸುಮಾರ,
ಗೋಪನಕೊಪ್ಪದ ಇಡೀ ಓಣಿ ಕಿವಿಗೊಟ್ಟು ಮಲಗಿರತೈತಿ.
ಹುಸ್... ಹುಸ್... ಆಮ್ಯಾಲ ಒಂದು ಕೆಮ್ಮು,
ಆಮ್ಯಾಲ ಕೆಂಪು ನೀರು, ಆಮ್ಯಾಲ ನೀರು.

ಈ ಸಲ ಆ ಸಪ್ಪಳಕ್ಕ ಎದ್ದು ಕೂತಾಂವಗ
ಎಲ್ಲಿದ್ದೀನಿ ಅಂತ ತಿಳೀಲಿಲ್ಲ ಒಂದು ಗಳಿಗಿ.
ಹಿಂದಿನ ಆಯ್ತವಾರ ಹಿಂಗ ಉಸರಾಡಿದ್ವಿ ನಾವು,
ಬಾಯಾಗ ರಬ್ಬರ ಕೊಳವಿ ಕಚ್ಚಿ,
ಅಂಡಮಾನದ ನೀರಿನ ಮ್ಯಾಲ ಬೋರಲ ಬಿದ್ದು,
ನಾಕೂ ಮಂದಿ.

ಎಲ್‌ಟಿಸಿ ಇತ್ತು. ಹನ್ನೊಂದು ವರ್ಷ ಗಾಲಿ ತಿಕ್ಕೀನಿ
ಗದಗ ರೋಡಿನ ರೈಲ್ವೆ ಕಾರ್ಖಾನ್ಯಾಗ,
ವಿಮಾನದ ರೊಕ್ಕ ಸರಕಾರದ್ದು.
ಮೀನ ನೋಡಬೇಕು ಅಂದಾಕಿ ಮಗಳು ವೈಭವಿ.
ನಾ ಒಲ್ಲೆ ಅಂದಾಕಿ ಅವ್ವ.
ಕಟಕ ರೊಟ್ಟಿ ಯಾರು ಕಟ್ಟತಾರ ಮತ್ತ ಅಂದಾಕಿನೂ ಆಕೀನ.

ಮುಂಜಾನೆ ಅಡವಿ ದಾರಿ. ಗುಡ್ಡ ಹತ್ತಿ ಇಳದ್ರ
ಬೇರಿನ ಮ್ಯಾಲ ತುದಿಗಾಲಲೆ ನಿಂತ ಗಿಡಗೋಳು,
ಕಡೀಕ ಕೆಸರು.
ಕೆಸರಂದ್ರ ಮೊಣಕಾಲ ಮಟ, ಕರೀದು, ಅಂಟು.
ದಾರಿ ತೋರಸೋ ಹುಡುಗ ಮಿಠುನ್ ಜಾರಿ ಕೂತ.
ಪ್ರಮೀಳಾನ ಹೊಸ ಬೂಟ ಒಂದು ಒಳಗ ಉಳೀತು.
ಅವ್ವ ಸೀರಿ ಕಚ್ಚಿ ಹಾಕಿದಳು,
ಚಪ್ಪಲಿ ಬಗಲಾಗ ಇಟಗೊಂಡಳು,
ಹೆಬ್ಬಟ್ಟು ಊರಿ ಊರಿ ಎಲ್ಲಾರಕಿಂತ ಮುಂದ ಹೋದಳು.
"ಇದೇನ ಹೊಸಾದು? ಅಣ್ಣಿಗೇರಿ ಎರಿ ಹೊಲ,
ಆಶ್ಲೇಷಾ ಮಳ್ಯಾಗ ಕಸಾ ತಗದಾಕಿ ನಾನು."

ದಂಡ್ಯಾಗ, ಗಾಜಿಗೆ ಉಗುಳಬೇಕಂತ, ಮಬ್ಬು ಹಿಡ್ಯೂದಿಲ್ಲಂತ.
ಎಲಿ ಅಡಿಕಿ ಉಗುಳು ಬ್ಯಾಡ ಅಂತ ಕೈ ಮುಗದ ಮಿಠುನ್.
ಅವ್ವ ಕೊಳವಿ ಬಾಯಿಗಿಟ್ಟು ಊದಿದ ಹೊಡತಕ್ಕ
ಒಳಗಿದ್ದ ಉಪ್ಪುನೀರು ಪುರ್ರಂತ ಹಾರಿ ಅವನ ಟೊಪಗಿಗೆ ಬಡೀತು.
"ಊದಬ್ಯಾಡ ಅಜ್ಜೀ, ಎಳಕೋ!"
ಆಕಿ ಕೊಳವಿ ತಗದು ತಿರುವಿ ತಿರುವಿ ನೋಡಿದಳು.
ಐವತ್ತು ವರ್ಷ ಒಲಿ ಮುಂದ ಊದಿದ ಬಾಯಿ,
ಹಸೀ ಹತ್ತಿಕಟಗಿ, ಕಣ್ಣಾಗ ಹೊಗಿ.
"ಎಳಕೊಳ್ಳೂದು? ಕೊಳವಿಲೆ?"

ಆಮ್ಯಾಲ ಮುಖ ಮುಳಗಿಸಿದಳು. ಎತ್ತಲಿಲ್ಲ.
ನಾನು ಎಣಸಿದೆ, ಇಪ್ಪತ್ತು, ಮೂವತ್ತು, ನಲವತ್ತು.
ಕಿತ್ತಳಿ ಜಾಕೀಟಿನ ಬಾಜೂಕ ಸೆರಗು ತಾನಽ ಈಜತಿತ್ತು.
ಹೆದರಿಕಿ ತಡೀಲಾರದ ನಾನೂ ಮುಖ ಹಾಕಿದೆ.
ಹವಳ ನನಗ ಬೆಸುಗಿ ಮನಿ ಹಿಂದಿನ ಕಿಟ್ಟದಂಗ ಕಾಣತು,
ಯಾರಿಗೂ ಹೇಳಲಿಲ್ಲ.

ಎದ್ದ ಮ್ಯಾಲ ಅವ್ವ ರೊಟ್ಟಿ ಮುರದಳು,
ಶೇಂಗಾ ಹಿಂಡಿ ಹಚ್ಚಿ ಎಲ್ಲಾರಿಗೂ ಕೊಟ್ಟಳು, ಮಿಠುನಗೂ.
"ಏನ ಕಂಡಿ ಅಜ್ಜೀ?"
"ಉಪ್ಪು ಭಾಳ ಆಗೇತಿ" ಅಂದಳು, ಅಷ್ಟ.

ಈಗ ಓಣಿ ತುಂಬ ಕೊಡದ ಸಪ್ಪಳ.
ಪ್ರಮೀಳಾ ಮೋಟರ ಹಚ್ಚಿದಳು, ನೀಲಿ ಡ್ರಮ್ಮು ತುಂಬಿ ನಿಂತು.
ಹಿತ್ತಲ ದೀಪಕ್ಕ ಬಂದು ನೋಡತೀನಿ,
ವೈಭವಿ ದುರ್ಗದಬೈಲಿನಾಗ ಚೌಕಾಸಿ ಮಾಡಿ ತಂದ ಗಾಜು
ಅವ್ವನ ಮುಖದ ಮ್ಯಾಲ, ಕೊಳವಿ ಬಾಯಾಗ.
ಡ್ರಮ್ಮಿನ ಅಂಚು ಹಿಡದು ಬಗ್ಗ್ಯಾಳ
ಮಲಪ್ರಭಾ ನೀರಿನಾಗ.
ಹುಸ್... ಹುಸ್...

ಗ್ವಾಡಿ ಆಚಿ ಹಸೀನಾಬಿ ಕೊಡಾ ಹಿಡದು ನಿಂತಾಳ.
"ಸಾವಂತ್ರೆವ್ವಾ, ಏನಾತಬೇ ನಿನಗ?"

ತಲಿ ಎತ್ತಿದಳು. ಹಣಿ ಮ್ಯಾಲ ರಬ್ಬರಿನ ಬರಿ.
"ಅಲ್ಲೆ ನನ್ನ ನೆಳ್ಳು ತಳದಾಗ ಮಲಗಿತ್ತ, ಹಸೀನಾ.
ಮೀನ ಅದರಾಗಿಂದನ ಹಾದು ಹೊಂಟಿದ್ವು, ಅಂಜಲಿಲ್ಲ.
ಏನೂ ಕೆಲಸ ಇದ್ದಿಲ್ಲ ನನಗ. ಸುಮ್ನ ಇದ್ನಿ."

"ಮತ್ತ ಇಲ್ಲೆ?"

"ಇಲ್ಲೆ ಎಂಟಾಣೆ ಬಿದ್ದೈತಿ, ಯಾವ ಕಾಲದ್ದೋ."

ಹಸೀನಾಬಿ ಕೊಡಾ ಕೆಳಗಿಟ್ಟಳು.
ಗ್ವಾಡಿ ಮ್ಯಾಲಿಂದ ಕೈ ಚಾಚಿದಳು.
"ನೀರು ಹೋಗೂದರಾಗ
ಅದನ್ನೀಟ ಇತ್ತಾಗ ಕೊಡ."