ವಾನ್ ಊರಿನ ಲೌಂಜು

ಬ್ಯಾಂಕಿನವರು ಕೊಟ್ಟ ಕಾರ್ಡಿಗೆಂದು
ಶಾಕಿರ್ ಟೈ ಕಟ್ಟಿಕೊಂಡ.
ಹೊಟ್ಟೆ ಖಾಲಿ ಇಟ್ಟುಕೋ, ಅಂದಿದ್ದ ನನಗೆ
ನಿನ್ನೆ ರಾತ್ರಿಯೇ.

ಬಾಗಿಲ ಹುಡುಗಿ ಕಾರ್ಡನ್ನು ಮೂರು ಸಲ ಉಜ್ಜಿದಳು.
ಬೀಪ್ ಅನ್ನುವವರೆಗೂ ಅವನು ಉಸಿರು ಬಿಡಲಿಲ್ಲ.

ಹದಿನೆಂಟು ಬಟ್ಟಲಿಲ್ಲದೆ ಬೆಳಗಾಗದ ಊರು ನಮ್ಮದು:
ಕಾಡುಬೆಳ್ಳುಳ್ಳಿ ಹಾಕಿದ ಚೀಸು, ಕೆನೆ, ಜೇನು.
ಇಲ್ಲಿ ಪ್ಲಾಸ್ಟಿಕ್ ಮುಚ್ಚಳದಡಿ
ನಾಲ್ಕು ಆಲಿವ್, ಅಂಚು ಮುದುರಿದ ಬ್ರೆಡ್ಡು.
ಕಾಫಿ ಯಂತ್ರ ಕೆಟ್ಟಿದೆಯೆಂಬ ಚೀಟಿ;
ಚೀಟಿಯೂ ಹಳದಿಯಾಗಿದೆ.

ಸೋಫಾ ಮೆತ್ತಗಿದೆ, ಅಂದ ಶಾಕಿರ್,
ಸ್ಪ್ರಿಂಗು ಚುಚ್ಚಿ ಈಚೆ ಸರಿಯುತ್ತ.

ಗಾಜಿನಾಚೆ, ಎಲ್ಲರ ಬೆಂಚಿನಲ್ಲಿ,
ಯಾರೋ ಹೆಂಗಸು ರೊಟ್ಟಿಗಂಟು ಬಿಚ್ಚಿದಳು.
ಗಾಜು ದಾಟಿ ವಾಸನೆ ಬರುವುದಿಲ್ಲ.
ನನಗೆ ಬಂತು.

ಅವನಿಗೂ ಬಂದಿರಬೇಕು.
ಟೈ ಸಡಿಲಿಸಿದ. ಆಲಿವ್ ಬೀಜ
ಎಲ್ಲಿ ಉಗುಳುವುದೆಂದು ತಿಳಿಯದೆ
ಅಂಕಾರಾ ತನಕ
ಬಾಯಲ್ಲೇ ಇಟ್ಟುಕೊಂಡ.